ಮೊದಲ ಅರ್ಧ ಗಂಟೆಯ ಮಳೆ

ನರ್ಸ್ ಹೆಂಡತಿಗೆ ಗುಡ್ಡದ ತುದಿಯ ಊರಿಗೆ ವರ್ಗವಾದಾಗ, ನಿವೃತ್ತ ನಕ್ಷೆಗಾರ ಗಂಡನೂ ಗಂಟುಮೂಟೆಯ ಜೊತೆ ಇನ್ನೊಂದು ಗಂಟಾಗಿ ಬಂದಿಳಿದ. ಹಿಂದೆಯೇ ಅವನ ಅತ್ತೆ, ಹೆಂಡತಿಯ ತಾಯಿ. ನಲವತ್ತು ಮನೆಗಳ ಆ ಊರಿಗೆ ನೀರೆಂದರೆ ಮೂರು ಮೈಲಿ ಕೆಳಗಿನ ಒರತೆ. ಹೆಂಗಸರು ಬೆಳಿಗ್ಗೆ ಇಳಿದರೆ ಮಧ್ಯಾಹ್ನ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು. ಅವನ ಕರುಳು ಚುರುಕ್ಕೆಂದಿತು. (ತಾನೂ ಇಳಿಯಬೇಕಾದೀತೆಂಬ ಭಯವೂ ಅದರಲ್ಲಿತ್ತೆಂದು ಹೆಂಡತಿಯ ಅಂಬೋಣ.)

ಊರವರನ್ನು ಹುರಿದುಂಬಿಸಿ, ಆಸ್ಪತ್ರೆಯ ತಗಡಿನ ಸೂರಿನ ಅಂಚಿಗೆ ಕೊಳವೆ ಕೂರಿಸಿ, ಆನೆ ಗಾತ್ರದ ತೊಟ್ಟಿ ಕಟ್ಟಿಸಿದ. ವರ್ಷದ ಧೂಳು, ಹಕ್ಕಿ ಹಿಕ್ಕೆ ತೊಳೆದುಹೋಗಲೆಂದು ಮೊದಲ ಮಳೆಯ ಅರ್ಧ ಗಂಟೆಯ ನೀರನ್ನು ಹೊರಗೆ ಬಿಡತಕ್ಕದ್ದೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ.

ಒಂದು ಮಧ್ಯಾಹ್ನ ವರ್ಷದ ಮೊದಲ ಮಳೆ ಧೋ ಎಂದು ಸುರಿಯಿತು. ಅವನು ಕೊಡೆ ಹಿಡಿದು, ಕೈಗಡಿಯಾರ ನೋಡುತ್ತಾ ಕೊಳವೆಯ ತಿರುಪಿನ ಪಕ್ಕ ಕಾವಲು ನಿಂತ.

"ಹತ್ತು ನಿಮಿಷ ಬಿಟ್ರೆ ಸಾಕು ರೀ, ತಿರುಗ್ಸಿ!" ಹೆಂಡತಿ ಕಿಟಕಿಯಿಂದ ಕೂಗಿದಳು.

"ಶಾಸ್ತ್ರ ಅಂದ್ರೆ ಶಾಸ್ತ್ರ. ಇನ್ನೂ ಹದಿನೆಂಟು ನಿಮಿಷ ಇದೆ."

"ಅಯ್ಯೋ, ಬಂಗಾರದಂಥ ನೀರು!" ಎನ್ನುತ್ತಾ ಅತ್ತೆ ಪಾತ್ರೆ, ಪೀಪಾಯಿ, ಕೊನೆಗೆ ಆಸ್ಪತ್ರೆಯ ಟಬ್ಬನ್ನೂ ಎಳೆತಂದು ಹೊರಗೋಡುವ ನೀರಿಗೆ ಒಡ್ಡಿದರು. ಊರ ಹೆಂಗಸರೂ ಕೊಡಗಳೊಂದಿಗೆ ಓಡಿಬಂದರು.

"ಅತ್ತೆ, ಅದು ಕೊಳಕು ನೀರು!"

"ಇರ್ಲಿ ಬಿಡಿ ಅಳಿಯಂದಿರೇ. ನೀವು ಗಡಿಯಾರ ನೋಡ್ಕೊಳ್ಳಿ."

ಸರಿಯಾಗಿ ಅರ್ಧ ಗಂಟೆಗೆ ಅವನು ಗಂಭೀರವಾಗಿ ನೀರು ತೊಟ್ಟಿಗೆ ಹರಿಯುವಂತೆ ತಿರುಪು ತಿರುಗಿಸಿದ. ಮರುನಿಮಿಷಕ್ಕೆ ಮಳೆ ನಿಂತಿತು.

ಆಮೇಲೆ ಮೂರು ವಾರ ಒಂದು ಹನಿಯೂ ಬೀಳಲಿಲ್ಲ. ಒರತೆ ಬೆರಳು ಗಾತ್ರಕ್ಕೆ ಇಳಿಯಿತು. ತೊಟ್ಟಿಯ ತಳದಲ್ಲಿದ್ದ ಅಂಗೈಯಗಲ ತೇವವೂ ಆರಿತು. ಅವನು ಊಟ ಬಿಟ್ಟು, ಗೋಡೆಯ ಬರಹಕ್ಕೆ ಬೆನ್ನು ಹಾಕಿ ಕೂರತೊಡಗಿದ. ಊರವರು ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂಥದ್ದರಲ್ಲೇ ಬಡಗಿಯ ಹೆಂಡತಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಅತ್ತೆ ತಮ್ಮ ಪೀಪಾಯಿಯ ತಿಳಿನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿದರು. ಅವನು ಒಲೆಯ ಮುಂದೆ ಕೂತು ಅದನ್ನು ಕುದಿಸಿಯೇ ಕುದಿಸಿದ. ಹೊಗೆಗೋ ಏನೋ, ಕಣ್ಣಲ್ಲಿ ನೀರು. ಸಂಜೆಯ ಹೊತ್ತಿಗೆ ಹೆಂಡತಿ ಹೊರಬಂದಳು.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಪೀಪಾಯಿ ತಳ ಕಂಡಿದೆ. ಬೆಳಿಗ್ಗೆ ನೀವೇ ಒರತೆಗೆ ಹೋಗ್ಬೇಕು."

ಮರುದಿನ ಒರತೆಯ ಸಾಲಿನಲ್ಲಿ, ಎರಡು ಕ್ಯಾನು ಹಿಡಿದು ಕಟ್ಟಕಡೆಗೆ ನಿಂತವನು ನಮ್ಮ ನಕ್ಷೆಗಾರ. ಮುಂದಿದ್ದ ಮುದುಕಿ ತಿರುಗಿ ನೋಡಿದಳು.

"ತೊಟ್ಟಿ ಕಟ್ಟಿಸಿದ ಸಾಹೇಬ್ರು ನೀವೇ ಅಲ್ವಾ? ಆಚೆ ಗುಡ್ಡದವರೂ ಕೇಳ್ತಿದಾರೆ, ನಮ್ಮೂರಿಗೂ ಕಳಿಸಿಕೊಡಿ ಅಂತ."

ಮೂರು ವಾರದಲ್ಲಿ ಮೊದಲ ಸಲ ಅವನ ಬೆನ್ನು ನೆಟ್ಟಗಾಯಿತು. "ನಕ್ಷೆನಾ?"

"ಅಲ್ಲಪ್ಪ. ನಿಮ್ಮತ್ತೇನ."