ತಡಮಾಡಲು ಒಲ್ಲದ ಡೆಸ್ಕ್‌ಟಾಪ್ ಅವರಿಗೆ

ಧಾರವಾಡದ ಮಹಾಜನರೇ, ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಇನ್ನೂ ಬಸ್ಸಿನಲ್ಲೇ ನಿಂತಿರುವ ಮಹನೀಯರೇ, ಹಳೆಯ ಕಂಪ್ಯೂಟರಿಗೆ ಕಸೂತಿಯ ಬಟ್ಟೆ ಹೊದಿಸಿ ಪಕ್ಕದಲ್ಲಿ ಹೂದಾನಿ ಇಟ್ಟು ಕಾಪಾಡಿಕೊಂಡಿರುವ ಸದ್ಗೃಹಿಣಿಯರೇ, ಒಂದು ಗಳಿಗೆ ಗದ್ದಲ ನಿಲ್ಲಿಸಿ ಕೇಳಬೇಕು. ಕೆಳಗೆ ಸಹಿ ಮಾಡಿದವನು, ಅಂದರೆ ಮಾಳಮಡ್ಡಿಯಲ್ಲಿ ಲಗ್ನಪತ್ರಿಕೆ, ತೊಟ್ಟಿಲ ಪತ್ರಿಕೆ, ಗೃಹಪ್ರವೇಶದ ಪತ್ರಿಕೆಗಳನ್ನು ಪ್ರಾಸಬದ್ಧವಾಗಿ ಬರೆದು, ಬೆರಳಚ್ಚಿಸಿ, ಮುದ್ರಿಸಿ ಕೊಡುವ ಗುರುಬಸವನು, ತಮ್ಮೆಲ್ಲರ ಸಮಕ್ಷಮದಲ್ಲಿ ಒಂದು ದೂರು ಸಲ್ಲಿಸುತ್ತಿದ್ದಾನೆ. ದೂರು ಯಾರ ಮೇಲೆ ಎಂದರೆ, ನನ್ನ ಅಂಗಡಿಯ ಮುದಿ ಕಂಪ್ಯೂಟರಿನ ಪರದೆಯ ಮೇಲೆ ಇತ್ತೀಚೆಗೆ ಬಂದು ನೆಲೆಸಿರುವ ಹಗುರ ಡೆಸ್ಕ್‌ಟಾಪ್ ಅವರ ಮೇಲೆ. ದೂರು ಏನೆಂದರೆ, ಅವರು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ.

ಮಾನ್ಯರೇ,

ತಾವು ಕ್ಷೇಮ, ಅದು ನನಗೆ ಗೊತ್ತು. ಗುಂಡಿ ಒತ್ತಿದ ಕೂಡಲೇ ಎದ್ದು ಕೂಡುವವರ ಆರೋಗ್ಯವನ್ನು ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯವಿಲ್ಲ. ತಮಗಿಂತ ಮೊದಲು ಈ ಪರದೆಯ ಮೇಲೆ ಇದ್ದವರು ಹಾಗಿರಲಿಲ್ಲ. ಅವರು ಏಳುವಷ್ಟರಲ್ಲಿ ನಾನು ಅಂಗಡಿ ಗುಡಿಸಿ, ಬಸವಣ್ಣನ ಪಟಕ್ಕೆ ಊದಿನಕಡ್ಡಿ ಹಚ್ಚಿ, ಮೇಲಿನ ಮನೆಯಿಂದ ನಮ್ಮವ್ವ ಚನ್ನಬಸವ್ವ ಇಳಿಸಿಕೊಟ್ಟ ಚಹಾ ಕುಡಿದು, ಅಂದಿನ ಪತ್ರಿಕೆಗೆ ಒಂದು ಪ್ರಾಸವನ್ನೂ ಹೊಂದಿಸಿ ಮುಗಿಸುತ್ತಿದ್ದೆ. ಎದ್ದ ಮೇಲೂ ಅವರು ಒಮ್ಮೆ ಹೊಸ ಆವೃತ್ತಿ ಬಂದಿದೆ ಎಂದು ತಡೆಯುವರು, ಒಮ್ಮೆ ಪ್ರಿಂಟರಿನ ಗುರುತು ಸಿಗಲೊಲ್ಲದು ಎಂದು ನುಡಿಯುವರು, ಉಳಿದ ಹೊತ್ತೆಲ್ಲ ಆ ನೀಲಿ ಉಂಗುರವನ್ನು ಗರಗರ ತಿರುಗಿಸುತ್ತ ನಮ್ಮ ತಾಳ್ಮೆಯನ್ನು ಅಳೆಯುವರು. ಆ ಉಂಗುರದ ಮಹಿಮೆ ನನಗೆ ಆಗ ತಿಳಿಯಲಿಲ್ಲ.

ತಮ್ಮನ್ನು ಆರಿಸಿ ತಂದದ್ದು ಹೇಗೆಂಬುದನ್ನು ತಾವೂ ತಿಳಿದಿರುವುದು ಒಳ್ಳೆಯದು. ಉಪ್ಪಿನಬೆಟಗೇರಿಯ ಸಾಲೆಯಲ್ಲಿ ಕನ್ನಡ ಕಲಿಸುವ ವಾಣಿಶ್ರೀ ಟೀಚರ್ ಇದೇ ಮಾಳಮಡ್ಡಿಯವರು. ಸಾಲೆ ಬಿಟ್ಟ ಮೇಲೆ ಬಸ್ಸಿನಿಂದಿಳಿದು, ಪ್ರಶ್ನೆಪತ್ರಿಕೆಯನ್ನೋ ಮಕ್ಕಳ ಗೋಡೆ ಪತ್ರಿಕೆಯನ್ನೋ ಬೆರಳಚ್ಚು ಮಾಡಿಸಲು ನನ್ನ ಅಂಗಡಿಗೆ ಬರುತ್ತಾರೆ. ಉಂಗುರ ತಿರುಗುವಾಗ ಅವರು ಸ್ಟೂಲಿನ ಮೇಲೆ ಕುಳಿತು, ನನ್ನ ಲಗ್ನಪತ್ರಿಕೆಗಳ ಕರಡನ್ನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಯಾರೂ ಹೇಳಿರಲಿಲ್ಲ, ಅವರಿಗೆ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಒಮ್ಮೆ ನಾನು "ಬಂದನಿದೋ ವರ, ಊರು ಅಳ್ನಾವರ" ಎಂದು ಬರೆದದ್ದನ್ನು ನೋಡಿ, ಹುಡುಗ ಕಲಘಟಗಿಯವನೆಂಬುದನ್ನು ಕೆಳಗಿನ ವಿಳಾಸದಿಂದ ಕಂಡುಹಿಡಿದು, "ಗುರುಬಸವ ಅವರ, ಪ್ರಾಸಕ್ಕಂತ ವರನ ಊರ ಬದಲ ಮಾಡಿದ್ರ ಬೀಗರು ಯಾವ ಊರಿನ ಬಸ್ ಹತ್ತಬೇಕ್ರಿ?" ಎಂದು ಕೇಳಿದ್ದರು. ನಾನು ಊರನ್ನು ತಿದ್ದಿದೆ. ಪ್ರಾಸ ಹೋದದ್ದಕ್ಕೆ ಆ ದಿನ ಯಾಕೋ ದುಃಖವಾಗಲಿಲ್ಲ.

ಇಂಥವರು ಒಂದು ಸಂಜೆ ಉಂಗುರವನ್ನೇ ನೋಡುತ್ತ, "ಎಷ್ಟ್ ಹೊತ್ತ್ರಿ ಇದು, ನಮ್ಮ ಸಾಲಿ ಗಂಟಿನೂ ಇಷ್ಟ ತಡ ಮಾಡಂಗಿಲ್ಲ" ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಮರುದಿನವೇ ನಾನು ಹುಬ್ಬಳ್ಳಿಗೆ ಹೋಗಿ, ಸ್ಟೇಷನ್ ಕಡೆ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಅಸ್ಫಾಕನ ಮುಂದೆ ನಿಂತು, ಹೊಸ ಮಷೀನ್ ಕೊಳ್ಳಬೇಕೇ ಎಂದು ಕೇಳಿದೆ. ಅವನು, "ಏ ಬಿಡೋ ಮಾರಾಯ, ನಿನ್ನ ಮಷೀನಿಗೆ ವಯಸ್ಸಾಗೇತಿ ಅಷ್ಟ, ಬುದ್ಧಿ ಕೆಟ್ಟಿಲ್ಲ. ತಲಿ ಮ್ಯಾಲಿನ ಹೊರಿ ಇಳಸು, ಓಡತೈತಿ" ಎಂದು, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ತುಂಬಿದ ಪೆನ್‌ಡ್ರೈವ್‌ಗಳನ್ನು ಜೇಬಿಗಿಳಿಸಿಕೊಂಡು ಬಂದ. ಒಳಗಿನ ಯಂತ್ರ ಅದೇ ಇದ್ದರೂ ಪರದೆಯ ಮೇಲಿನ ಮುಖವನ್ನು, ಅಂದರೆ ಡೆಸ್ಕ್‌ಟಾಪ್ ಎಂದು ಕರೆಯುವ ಮೆನು, ಕಿಟಕಿ, ಪಟ್ಟಿಗಳ ಸಂಸಾರವನ್ನು, ನಮಗೆ ಬೇಕಾದಂತೆ ಆರಿಸಿಕೊಳ್ಳಬಹುದು ಎಂದು ನನಗೆ ಅಂದೇ ತಿಳಿದದ್ದು. ಇಷ್ಟು ಸ್ವಾತಂತ್ರ್ಯ ವಧುವರರಿಗೂ ಇರುವುದನ್ನು ನಾನು ನೋಡಿಲ್ಲ.

ಬೆರಳಚ್ಚು ಮಾಡಿಸುವವರಿಗೆ ಒಗ್ಗಬೇಕಲ್ಲ ಎಂಬ ನೆವ ಹೇಳಿ ಆ ಶನಿವಾರ ಈ ಮುಖಗಳ ಪರೀಕ್ಷೆಗೆ ಟೀಚರನ್ನೂ ಕರೆದೆ. ಮೊದಲು ಬಂದ ಅಭ್ಯರ್ಥಿ ಬಲು ಶೋಕಿಯವರು. ಕಿಟಕಿಯನ್ನು ಎಳೆದರೆ ಅದು ಗಾಳಿಪಟದ ಬಾಲದಂತೆ ಬಳುಕುತ್ತಿತ್ತು, ಮುಚ್ಚಿದರೆ ಹೊಗೆಯಂತೆ ಕರಗುತ್ತಿತ್ತು, ಒಳಗಿನ ಫ್ಯಾನು ಮಾತ್ರ ಕುಕ್ಕರಿನಂತೆ ಸೀಟಿ ಹೊಡೆಯುತ್ತಿತ್ತು. ಎರಡನೆಯವರು ಮಹಾವಿರಕ್ತರು. ಬೂದು ಪರದೆ ಬಿಟ್ಟರೆ ಏನೂ ಇಲ್ಲ. ಪಟ್ಟಿಯಿಲ್ಲ, ಚಿತ್ರವಿಲ್ಲ, ಗಡಿಯಾರವಿಲ್ಲ, ಮೌಸಿನ ಬಲಗಡೆ ಒತ್ತಿದಾಗ ಮಾತ್ರ ಒಂದಿಷ್ಟು ಮೆನು ಪ್ರಸಾದವಾಗುವುದು. ಟೀಚರ್ ಪರದೆಯನ್ನು ದಿಟ್ಟಿಸಿ, "ಇದೇನ್ರಿ, ಮನಿ ಖಾಲಿ ಮಾಡ್ಕೊಂಡು ಹೋಗ್ಯಾರೇನು?" ಎಂದರು. "ಭಾಳ ಹಗುರ ಐತ್ರಿ ಮೇಡಂ" ಎಂದ ಅಸ್ಫಾಕ. "ಹಗುರ ಇರಲಿ, ಕೈಗೆ ಸಿಗಬೇಕಲ್ರಿ" ಎಂದರು ಅವರು. ವಿರಕ್ತರನ್ನು ಅಲ್ಲಿಗೇ ಕಳಿಸಿಕೊಟ್ಟೆವು.

ಆಮೇಲೆ ತಾವು ಬಂದಿರಿ. ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ಹೆಸರುಗಳೆಲ್ಲ ಕನ್ನಡದಲ್ಲಿ. ಮೆಮರಿಯನ್ನು ಒಳ್ಳೆಯ ಅತಿಥಿಗಳು ತುಪ್ಪ ಬಡಿಸಿಕೊಳ್ಳುವಷ್ಟು ಸಂಕೋಚದಿಂದ ಬಳಸುವವರು. ನನ್ನ ಹಳೆಯ ಪತ್ರಿಕೆಗಳನ್ನು ಒಂದೇ ಒಂದು ಒತ್ತಕ್ಷರ ಸೊಟ್ಟಾಗದಂತೆ ತೆರೆದಿರಿ. ಚಹಾ ತಂದಿದ್ದ ಅವ್ವ ತಾನೂ ಭಜನೆಯ ಹಾಡು ಹಚ್ಚುತ್ತೇನೆಂದು ಕುಳಿತಳು. ಚಿತ್ರದ ಮೇಲೆ ಒಮ್ಮೆ ಒತ್ತಿ, ಕೈ ಕಟ್ಟಿಕೊಂಡು ಕಾದಳು. ಎರಡು ಸಲ ಒತ್ತಬೇಕು ಎಂದರೆ, "ಒಮ್ಮೆ ಕರದ್ರ ಕೇಳಸಂಗಿಲ್ಲೇನು ಅದಕ್ಕ? ಮಂದಿ ಮನಿ ಬಾಗಿಲಾ ಹಂಗ ದಬದಬ ಬಡೀತಾರೇನೋ?" ಎಂದು ನನಗೇ ಗದರಿದಳು. ಅಸ್ಫಾಕ ನಗುತ್ತ ತಮ್ಮ ಒಳಗೆ ಏನೋ ಬದಲಿಸಿದ. ಅಂದಿನಿಂದ ತಾವು ಒಂದೇ ಕರೆಗೆ ಓಗೊಡುತ್ತೀರಿ. ಟೀಚರ್ ಯಾರನ್ನೂ ಕೇಳದೆ ಕಡತ ಹುಡುಕಿ, ತೆರೆದು, ಒಂದು ಸಾಲು ತಿದ್ದಿ, ಉಳಿಸಿ, "ಇವರು ಛಲೋ ಅದಾರ ನೋಡ್ರಿ" ಎಂದರು. ಆ ಮಾತು ತಮ್ಮನ್ನು ಕುರಿತದ್ದು ಎಂಬುದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು.

ಮಾನ್ಯರೇ, ಇಲ್ಲಿಂದ ನನ್ನ ಕಷ್ಟ ಶುರು. ನಮ್ಮ ಕಡೆ ಒಂದು ರೀತಿ ಇದೆ, ಅಸ್ಫಾಕನ ಪೆನ್‌ಡ್ರೈವಿನಲ್ಲಿ ಬಂದವರಾದ ತಮಗೆ ಅದು ತಿಳಿದಿರಲಿಕ್ಕಿಲ್ಲ. ಕೆಲಸ ಮುಗಿಯದವರನ್ನು ಕೂಡ್ರಿ ಅನ್ನಬಹುದು, ಚಹಾ ತರಿಸಬಹುದು, ಚಹಾ ಆರಿದರೆ ಮತ್ತೊಂದು ತರಿಸಬಹುದು, ಬೀದಿಯಲ್ಲಿ ಹೋಗುವ ಯಾರೂ ಕತ್ತು ತಿರುಗಿಸಿ ನೋಡುವುದಿಲ್ಲ, ಏಕೆಂದರೆ ಪಾಪ, ಕಂಪ್ಯೂಟರ್ ನಿಂತಿದೆ. ಕೆಲಸ ಮುಗಿದವರನ್ನು ಮಾತ್ರ, ಅದರಲ್ಲೂ ಅವರು ಮದುವೆಯಾಗದ ಟೀಚರಾಗಿದ್ದು ಅಂಗಡಿಯವನು ನಲವತ್ತೈದರ ಒಂಟಿಗನಾಗಿದ್ದರೆ, ಕೂಡ್ರಿ ಅನ್ನಲು ಒಂದು ನೆವ ಬೇಕು. ಆ ನೆವವನ್ನು ಹಿಂದಿನವರು ಪ್ರತಿ ಸಂಜೆ ಪುಕ್ಕಟೆಯಾಗಿ ಒದಗಿಸುತ್ತಿದ್ದರು. ತಾವು ಬಂದ ದಿನದಿಂದ ಟೀಚರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ, ತಾವು ತೆರೆಯುತ್ತೀರಿ, ಪ್ರಿಂಟರ್ ಕಾಗದ ಉಗುಳುತ್ತದೆ, ಟೀಚರ್ ಚಪ್ಪಲಿ ಮೆಟ್ಟುತ್ತಾರೆ. ಅವ್ವ ಚಹಾದ ತಟ್ಟೆ ಹಿಡಿದು ಮೆಟ್ಟಿಲ ಅರ್ಧಕ್ಕೆ ಬರುವಷ್ಟರಲ್ಲಿ ಸ್ಟೂಲು ಖಾಲಿ. ಆ ಚಹಾವನ್ನು ನಾನೇ ಕುಡಿಯುತ್ತೇನೆ. ಅದರಲ್ಲಿ ಸಕ್ಕರೆ ಅವರ ಲೆಕ್ಕಕ್ಕೆ ಹಾಕಿದ್ದಿರುತ್ತದೆ, ಕಡಿಮೆ.

ಆದ್ದರಿಂದ ಸವಿನಯ ಪ್ರಾರ್ಥನೆ ಏನೆಂದರೆ, ತಾವು ಸಂಜೆಯ ವೇಳೆ, ಆ ಚಪ್ಪಲಿಯ ಸದ್ದು ಕೇಳಿದ ಕೂಡಲೇ, ಗಾಂಭೀರ್ಯ ಕೆಡದಂತೆ ಸ್ವಲ್ಪ ಅಸ್ವಸ್ಥರಾಗಬೇಕು. ಒಂದು ಉಂಗುರ ತಿರುಗಿಸಿ. ನೀಲಿಯೇ ಆಗಬೇಕೆಂಬ ಹಟವಿಲ್ಲ. ಪ್ರಿಂಟರಿನ ಪರಿಚಯವನ್ನು ಮರೆತುಬಿಡಿ. ಗೋಡೆ ಪತ್ರಿಕೆಯ ಕವಿತೆಯೊಂದನ್ನು ತೆರೆಯುವ ಮೊದಲು ತಾವೂ ಒಮ್ಮೆ ಓದಿ ಸವಿದು ಆಮೇಲೆ ತೋರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗಿನಲ್ಲಿ, ಬೀಗರು ಕೈಗಡಿಯಾರ ನೋಡುತ್ತ ನಿಂತಿರುವಾಗ, ಎಷ್ಟು ಬೇಕಾದರೂ ಓಡಿರಿ, ನನ್ನ ತಕರಾರಿಲ್ಲ. ನಾನೂ ನನ್ನ ಕೈಲಾದ ಪ್ರಯತ್ನ ಮಾಡಿದ್ದೇನೆ: ಮೊನ್ನೆ ತಮ್ಮನ್ನು ದಣಿಸಲೆಂದು ಕ್ಯಾಲ್ಕ್ಯುಲೇಟರ್ ಕಿಟಕಿಗಳನ್ನು ಒಂದರ ಮೇಲೊಂದು ಪರದೆಯ ತುಂಬ ತೆರೆದಿಟ್ಟೆ. ತಾವು ಹುಬ್ಬು ಕೂಡ ಗಂಟಿಕ್ಕಲಿಲ್ಲ. ಟೀಚರ್ ಮಾತ್ರ ಬಗ್ಗಿ ನೋಡಿ, "ಯಾರದರೆ ದೊಡ್ಡ ಲೆಕ್ಕ ಬಂದೈತೇನ್ರಿ?" ಎಂದರು. ಹೌದು ಎಂದೆ. ಸುಳ್ಳಲ್ಲ.

ತಮ್ಮ ವೇಗವನ್ನು ಹೇಗೋ ಸಹಿಸಬಹುದಿತ್ತು. ಆದರೆ ತಮ್ಮ ಸರಳತೆಯನ್ನು ಏನು ಮಾಡಲಿ? ನಿನ್ನೆ ಟೀಚರ್ ಬಂದು, ಅವರ ಸಾಲೆಯ ಕೋಣೆಯಲ್ಲಿಯೂ ಇಂಥವೇ ಹಳೆಯ ಕಂಪ್ಯೂಟರುಗಳು ಧೂಳು ತಿನ್ನುತ್ತಿವೆಯೆಂದೂ, ಬರುವ ಶನಿವಾರ ಅಸ್ಫಾಕ ಉಪ್ಪಿನಬೆಟಗೇರಿಗೆ ಬಂದು ಅವುಗಳಿಗೂ ತಮ್ಮನ್ನೇ ಹಾಕಿಕೊಡಲು ಒಪ್ಪಿದ್ದಾನೆಂದೂ ಹೇಳಿದರು. "ಭಾಳ ಸರಳ ಐತ್ರಿ, ಇನ್ನ ಎಲ್ಲಾ ನಾನ ಮಾಡ್ಕೋತೇನಿ, ನಿಮಗೂ ತ್ರಾಸ ತಪ್ಪತೈತಿ" ಎಂದು ಸಂತೋಷದಿಂದ ನಕ್ಕರು. ಅಸ್ಫಾಕನಿಗೆ ಫೋನ್ ಮಾಡಿ, ಇದೇನು ಮಾಡಿದೆ ಎಂದರೆ, "ಲೇ, ಸಾಲಿ ಕೆಲಸ, ಪುಣ್ಯಾ ಬರತೈತಿ ಬಿಡೋ" ಎಂದ. ಮೇಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವ್ವ ರಾತ್ರಿ ರೊಟ್ಟಿ ಬಡಿಸುತ್ತ, "ಆ ಡಬ್ಬಿ ಒಮ್ಮೆ ಕರದ್ರ ಓ ಅಂತೈತಿ. ನೀ ಒಂದ ಸಲನೂ ಕರದಿಲ್ಲ, ಕುಂತ ಪ್ರಾಸ ಬರಿ" ಎಂದಳು.

ಆದುದರಿಂದ ಮಾನ್ಯ ಡೆಸ್ಕ್‌ಟಾಪ್ ಅವರೇ, ಮೇಲಿನ ಎಲ್ಲ ಕಾರಣಗಳನ್ನು ದಯಾಪೂರ್ವಕವಾಗಿ ಪರಿಶೀಲಿಸಿ, ಶನಿವಾರದೊಳಗಾಗಿ ತಾವು ಅತ್ಯಂತ ಕಠಿಣರೂ ಭಾರಿ ಮಂದಗತಿಯವರೂ ಯಾರಿಗೂ ಅರ್ಥವಾಗದವರೂ ಆಗಿ, ಉಪ್ಪಿನಬೆಟಗೇರಿಯ ಕಡೆಗೆ ತಲೆ ಕೂಡ ಹಾಕದೆ...

ಸಾಕು. ತಮ್ಮ ಮೇಲೆ ನನ್ನದು ಯಾವ ದೂರೂ ಇಲ್ಲ. ಸಾಲೆಯ ಮಕ್ಕಳಿಗೆ ತಾವು ಬೇಕು, ಹೋಗಿಬನ್ನಿ.

ವಾಣಿಶ್ರೀ ಅವರೇ, ಈ ಪತ್ರ ನಿಮಗೆ. ಊರವರ ಲಗ್ನಪತ್ರಿಕೆಗಳಲ್ಲಿ ನಿಮ್ಮ ಹೆಸರನ್ನೂ ನನ್ನ ಹೆಸರನ್ನೂ ಸುಖಾಗಮನ ಬಯಸುವವರ ಸಾಲಿನಲ್ಲಿಯೇ ನೋಡಿದ್ದೇನೆ, ಅದೂ ಬೇರೆ ಬೇರೆ ಪತ್ರಿಕೆಗಳಲ್ಲಿ. ಎರಡನ್ನೂ ಒಂದೇ ಪತ್ರಿಕೆಯ ಮೇಲ್ಗಡೆ ಹಾಕಬಹುದೇ ಎಂದು ಕೇಳಬೇಕಾಗಿದೆ. ಪ್ರಾಸ ಹೊಂದಿಸಲು ನೋಡಿದೆ, ಹೊಂದಲಿಲ್ಲ. ಇರಲಿ. ಕೆಲಸವಿಲ್ಲದಿದ್ದರೂ ಬನ್ನಿ. ಕೂಡ್ರಿ.

ಇಂತು ತಮ್ಮ ವಿಶ್ವಾಸಿ,
ಗುರುಬಸವ
ಮಾಳಮಡ್ಡಿ, ಧಾರವಾಡ

ತಾ.ಕ.: ಡೆಸ್ಕ್‌ಟಾಪ್ ಅವರೇ, ಈ ಸಾಲುಗಳನ್ನು ಪೆನ್ನಿನಿಂದ ಬರೆಯುತ್ತಿದ್ದೇನೆ, ಏಕೆಂದರೆ ಮೇಲಿನದೆಲ್ಲ ಆಗಲೇ ಕಾಗದವಾಗಿ ಹೊರಬಂದಿದೆ. ಹಿಂದಿನವರಾಗಿದ್ದರೆ ಪ್ರಿಂಟರನ್ನು ಹುಡುಕುವ ಹೊತ್ತಿನಲ್ಲಿ ನನಗೆ ಮನಸ್ಸು ಬದಲಿಸಲು ಬೇಕಾದಷ್ಟು ಸಮಯ ಕೊಡುತ್ತಿದ್ದರು. ಅವರು ದೊಡ್ಡ ಮನುಷ್ಯರು. ಕಾಗದವನ್ನು ಇಂದಿನ ಕರಡುಗಳ ಮೇಲೆ, ಕೆಂಪು ಪೆನ್ನಿನ ಪಕ್ಕ ಇಟ್ಟಿದ್ದೇನೆ. ಕಾಗುಣಿತದ ತಪ್ಪುಗಳನ್ನು ಧಾರಾಳವಾಗಿ ತಿದ್ದಬಹುದು. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುತ್ತಿದ್ದಾರೆ.