ಕೂಸಿನ ಹಣೆ, ಯಂತ್ರದ ಕಣ್ಣು

ಕೂಸುಗಳ ವಾರ್ಡಿನಲ್ಲಿ ಎದೆ ಧಸಕ್ ಅನ್ನದ ದಿನವೇ ಇಲ್ಲ. ಇಷ್ಟು ವರ್ಷ ನರ್ಸಾಗಿ ದುಡಿದರೂ ನನ್ನ ಎದೆಗೆ ಇನ್ನೂ ಬುದ್ಧಿ ಬಂದಿಲ್ಲ. ಅದರಲ್ಲೂ ರಾಯದುರ್ಗದ ನಮ್ಮ ಆಸ್ಪತ್ರೆಗೆ ಇಂಜಿನಿಯರ್ ಮೇಡಂ ಒಬ್ಬರು ಕಂಪ್ಯೂಟರ್ ಹೊತ್ತುಕೊಂಡು ಬಂದರಲ್ಲ, ಆ ವಾರ ಮೂರು ಸಲ ಬೆಚ್ಚಿಬಿದ್ದೆ. ಮೂರಕ್ಕೂ ಒಂದೇ ಕೂಸು ಕಾರಣ.

೧. ರಟ್ಟಿನ ಕೂಸು

ಆ ಕೂಸು ಹುಟ್ಟಿದ ಕೂಡಲೇ ಅಳಲಿಲ್ಲ, ತಡಮಾಡಿ ಅತ್ತಿತು. ಮಿದುಳಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ಎಂದು ಎಲ್ಲರಿಗೂ ದಿಗಿಲು. "ಎರಡು ದಿನ ನೋಡೋಣ. ರಕ್ತ ಕಮ್ಮಿಯಾದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿಬಿಡೋಣ" ಎಂದರು ಡಾಕ್ಟರು. ತಾಯಿಗೆ ಆಪರೇಷನ್ ಆಗಿತ್ತು, ಏಳುವಂತಿರಲಿಲ್ಲ. ಹೋದರೆ ಕೂಸು ಅವಳನ್ನು ಬಿಟ್ಟೇ ಹೋಗಬೇಕು. ಅವಳು ಕೂಸಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಮೇಡಂ ಕೂಸಿನ ಹಣೆಗೆ ಒಂದು ಪಟ್ಟಿ ಕಟ್ಟಿಸಿದರು. ಅದರಲ್ಲಿ ಎಡಕ್ಕೊಂದು ಬಲಕ್ಕೊಂದು ಕೆಂಪು ದೀಪ. ಬೆಳಕು ಹಣೆಯೊಳಗೆ ಹೋಗಿ ಬಂದು, ಮಿದುಳಿಗೆ ರಕ್ತ ಎಷ್ಟು ಬರುತ್ತಿದೆ, ಅದು ಆಕ್ಸಿಜನ್ ಎಷ್ಟು ಬಳಸುತ್ತಿದೆ ಎಂದು ತಿಳಿಸುತ್ತದಂತೆ. "ಕಂಪ್ಯೂಟರಿನೊಳಗೆ ಬರೀ ಲೆಕ್ಕದಲ್ಲೇ ಒಂದು ಕೂಸು ಮಾಡಿದ್ದೀನಿ. ಉಸಿರು ಕಮ್ಮಿಯಾದರೆ ಮಿದುಳಿಗೆ ಏನಾಗುತ್ತೆ ಅಂತ ಅದರ ಮೇಲೆ ನೋಡ್ತೀನಿ" ಎಂದರು ಮೇಡಂ.

ತಾಯಿಯ ತಾಯಿ, ಡಿ. ಹಿರೇಹಾಳಿನ ಅಜ್ಜಿ, ಕೂತಲ್ಲಿಂದ ಎದ್ದೇಬಿಟ್ಟರು. "ಉಸಿರು ಕಮ್ಮಿ ಮಾಡಿ ನೋಡ್ತಾರಂತ! ಯಾರು ಹಡೆದ ಕೂಸ್ರಿ ಅದು?"

ಕೂಸಿನ ಅಪ್ಪ ಜೀನ್ಸ್ ಹೊಲಿಯುವವನು. "ಅತ್ತೀ, ಸುಮ್ಕಿರ್ರಿ. ನಾವು ಪ್ಯಾಂಟ್ ಕತ್ತರಿಸಾಕ ಮೊದ್ಲು ರಟ್ಟಿನಾಗ ಅಳತಿ ಮಾಡ್ಕೊಳ್ಳಲ್ಲೇನು? ಹಂಗ ಇದು ರಟ್ಟಿನ ಕೂಸು" ಎಂದ.

ಮೇಡಂ ಬಾಯಿ ತೆರೆದವರು ಮುಚ್ಚಲಿಲ್ಲ. "ಇದನ್ನ ನಮ್ಮ ಕಾಲೇಜಿನವರಿಗೆ ಅರ್ಥ ಮಾಡಿಸೋಕೆ ನನಗೆ ಎರಡು ವರ್ಷ ಹಿಡೀತು!"

ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. "ರಟ್ಟಿಂದಾದ್ರೂ ಕೂಸಲ್ಲೇನ್ರಿ? ಹಾಲಿಗೆ ಏನು ಮಾಡೀರಿ?"

೨. ಬೆಲ್ಟಿಲ್ಲದ ಲೂಪು

ಮೇಡಂ ತಂದಿದ್ದ ಆ ಪಟ್ಟಿ ಸಡಿಲ. ಕೂಸು ಆಕಳಿಸಿದರೆ ಸಾಕು, ಜಾರಿ ಮೂಗಿನ ಮೇಲೆ ಕೂರುತ್ತಿತ್ತು. ಅಪ್ಪ ಎರಡು ಬೆರಳಲ್ಲಿ ತಲೆಯ ಅಳತೆ ನೋಡಿಕೊಂಡು ಕಾರ್ಖಾನೆಗೆ ಹೋದವನು ಮಧ್ಯಾಹ್ನಕ್ಕೆ ಮೆತ್ತನೆಯ ಬಿಳಿ ಬಟ್ಟೆಯ ಹೊಸ ಪಟ್ಟಿ ತಂದ. ಎರಡೆರಡು ಸಾಲು ಹೊಲಿಗೆ, ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ತಿರುಗಿಸಿ ನೋಡಿ ಹೌಹಾರಿದೆ. ಪ್ಯಾಂಟಿನ ಸೊಂಟಕ್ಕಿರುವ ಹಾಗೆ ಸುತ್ತಲೂ ಬೆಲ್ಟ್ ತೂರಿಸುವ ಐದು ಲೂಪು!

ಗಾಬರಿಯಾದರೆ ನನ್ನ ಬಾಯಲ್ಲಿ ಹುಟ್ಟೂರು ಅಗಳಿಯ ಮಾತೇ ಬರುವುದು. "ಅಯ್ಯೋ ಪುಣ್ಯಾತ್ಮ, ಕೂಸಿನ ತಲೇಗೆ ಬೆಲ್ಟ್ ಯಾಕ್ಲಾ ಹಾಕ್ತೀಯ?"

ಅವನು ಅಷ್ಟೇ ಗಾಬರಿಯಾಗಿ ಪಟ್ಟಿ ನೋಡಿದ. "ನಾನು ಹಚ್ಚಿಲ್ರಿ ಸಿಸ್ಟರ್. ಪಟ್ಟಿ ಹಿಡಿದ್ರ ಕೈ ತಾನ ಹಚ್ಚಿಬಿಡ್ತೈತಿ."

೩. ಎಡಗಡೆ ಕತ್ತಲೆ

ದೀಪಗಳನ್ನು ಆ ಹೊಸ ಪಟ್ಟಿಗೇ ಸಿಕ್ಕಿಸಿ ಕಟ್ಟಿದ್ದೆವು. ಮಾರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಬಂದೆ. ಮೇಡಂ ಮುಖದಲ್ಲಿ ರಕ್ತವಿಲ್ಲ. "ಎಡಗಡೆಯ ಅಂಕಿ ಪೂರ್ತಿ ಬಿದ್ದುಹೋಗಿದೆ. ನನ್ನ ಲೆಕ್ಕದ ಪ್ರಕಾರ ಎಡಗಡೆ ಮಿದುಳಿಗೆ ರಕ್ತವೇ ಹೋಗ್ತಿಲ್ಲ!"

ನಾನು ಬೆಚ್ಚಿ ಡಾಕ್ಟರನ್ನು ಕೂಗಿದೆ. ಡಾಕ್ಟರು ಚಹಾ ಅರ್ಧಕ್ಕೆ ಬಿಟ್ಟು ಓಡಿಬಂದರು. ಆಂಬ್ಯುಲೆನ್ಸಿಗೆ ಫೋನ್ ಹೋಯಿತು. ತಾಯಿ ಹೊಲಿಗೆಯ ನೋವನ್ನೂ ಮರೆತು ಎದ್ದು ಕೂತು, "ನನ್ನೂ ಕರಕೊಂಡು ಹೋಗ್ರಿ, ಕೈಮುಗೀತೀನಿ" ಎಂದು ಅಳತೊಡಗಿದಳು. ಆ ಕೂಸೋ, ಕೆಂಪಗೆ ದುಂಡಗೆ, ಎರಡೂ ಕಾಲು ಝಾಡಿಸುತ್ತಾ ಹಾಲಿಗಾಗಿ ವಾರ್ಡು ಹಾರಿಹೋಗುವಂತೆ ಕಿರುಚುತ್ತಿತ್ತು.

"ಇದು ಹೆಂಗೆ?" ಎಂದರು ಡಾಕ್ಟರು. "ಪಟ್ಟಿ ಬಿಚ್ಚಿ, ಸಿಸ್ಟರ್."

ಬಿಚ್ಚಿದೆ. ಎಡಗಡೆ ದೀಪದ ಕೆಳಗೆ, ಸರಿಯಾಗಿ ಅದರ ಬಾಯಿಗೇ, ರೂಪಾಯಿಯಗಲದ ಕಾಡಿಗೆ ಬೊಟ್ಟು.

ಎಲ್ಲರೂ ಅಜ್ಜಿಯ ಕಡೆ ತಿರುಗಿದೆವು.

"ನಾನ ಇಟ್ಟೀನಿ" ಎಂದರು ಅಜ್ಜಿ, ಅಳುಕಿಲ್ಲದೆ. "ನಿನ್ನೆಯಿಂದ ಆ ಕೆಂಪು ಕಣ್ಣು ರೆಪ್ಪಿ ಬಡೀಲಾರದ ನಮ್ಮ ಕೂಸನ್ನ ನೋಡಾಕ ಹತ್ತೈತಿ. ದೃಷ್ಟಿ ಆಗಲ್ಲೇನ್ರಿ?"

ಒರೆಸಿ, ತೊಳೆದು, ಮತ್ತೆ ಕಟ್ಟಿದೆ. ಎಡಗಡೆಯ ಅಂಕಿ ಏರಿತು, ಏರಿ ಬಲಗಡೆಯ ಪಕ್ಕ ನಿಂತಿತು. ಡಾಕ್ಟರು ಕೂಸನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, "ಬಳ್ಳಾರಿ ಬೇಡ" ಎಂದರು. ತಾಯಿ ಕೂಸನ್ನು ಎದೆಗೆ ಹಾಕಿಕೊಂಡಳು. ನಾನು ನರ್ಸು ಅನ್ನುವುದನ್ನೂ ಮರೆತು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಡಾಕ್ಟರು ಹಣೆ ಚಚ್ಚಿಕೊಂಡರು. "ಅಜ್ಜೀ, ಎಂಥಾ ಕೆಲಸ ಮಾಡಿದಿರಿ! ನೀವಿಟ್ಟ ಕಪ್ಪಿನಿಂದ ಯಂತ್ರಕ್ಕೆ ಕೂಸೇ ಕಾಣಲಿಲ್ಲ, ಗೊತ್ತಾಯ್ತಾ?"

ಅಜ್ಜಿಯ ಮುಖ ಅರಳಿತು.

"ಕಾಣಲಿಲ್ಲಂತ? ಹಂಗಾರ ಕೆಲಸ ಮಾಡೈತಿ ಬಿಡ್ರಿ!" ಎಂದು ಸೆರಗಿನ ಗಂಟಿನಿಂದ ಕಾಡಿಗೆ ಡಬ್ಬಿ ತೆಗೆದರು. "ತಡೀರಿ, ಬಲಗಡೀಗೂ ಒಂದು ಇಟ್ಟುಬಿಡ್ತೀನಿ."