ಅತ್ತೆಯ ಬೈಗುಳಕ್ಕೆ ಕಾದ ಮನೆ

ಹೊಸ್ತಿಲು ದಾಟಿದ ಕೂಡಲೇ ಎದೆ ಧಸಕ್ಕೆನ್ನದ ವಾರವೇ ನನ್ನ ನೌಕರಿಯಲ್ಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರು, ಕೈಕಾಲು ಸ್ವಾಧೀನವಿಲ್ಲದವರು ಇರುವ ಮನೆಗಳಿಗೆ ಹೋಗಿ ಬರುವ ತಂಡದಲ್ಲಿ ನಾನು ನರ್ಸ್. ಗಾಯ ತೊಳೆಯುತ್ತೇನೆ, ರೋಗಿಯನ್ನು ಎತ್ತುವುದು, ಹೊರಳಿಸುವುದು ಹೇಗೆಂದು ಮನೆಯವರಿಗೆ ಕಲಿಸುತ್ತೇನೆ. ಕಲಿಸಿ ಬಂದ ಮೇಲೆ ಅವರು ಏನು ಮಾಡುತ್ತಾರೋ, ಅದನ್ನು ನೋಡುವಾಗಲೇ ನನ್ನ ಜೀವ ಬಾಯಿಗೆ ಬರುವುದು.

ಈ ಪಡಿಪಾಟಲನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದುದು ಕೊಟ್ಟೂರಿನಾಚೆಯ ಒಂದು ಹಳ್ಳಿಯ ಅಜ್ಜಿಯ ಮುಂದೆ. ಲಕ್ವಾ ಹೊಡೆದು ಆಕೆಯ ಬಲಗೈ, ಬಲಗಾಲು ಹೋಗಿದ್ದವು, ಜೊತೆಗೆ ಮಾತೂ ಹೋಗಿತ್ತು. ಅದಕ್ಕೂ ಮೊದಲು ಇಡೀ ಓಣಿಗೆ ಕೇಳುವ ಬಾಯಿ ಆಕೆಯದು. ಅದರಲ್ಲಿ ದೊಡ್ಡ ಪಾಲು ಸೊಸೆಗೇ ಸಲ್ಲುತ್ತಿತ್ತಂತೆ. ಎದುರಿಗೆ ಕೂತು ಮಾತಾಡಿಸುತ್ತಿರಿ, ಮಾತು ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಒಂದು ದಿನ ಸೊಸೆ ನನ್ನನ್ನು ಹಿತ್ತಲಿಗೆ ಕರೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮತ್ತಿ ನೆಟ್ಟಗ ಮಾತಾಡೋದು ಬ್ಯಾಡ್ರಿ ಸಿಸ್ಟರ್. ಒಂದ್ಸಲ ಬೈದ್ರ ಸಾಕು ನನಗ. ಬೈಸಿಕೊಳ್ಳದ ಮನ್ಯಾಗ ಉಸಿರು ಕಟ್ಟಿದಂಗ ಆಗ್ತೈತಿ."

ಅಂದಿನಿಂದ ಹೋದಾಗಲೆಲ್ಲ ಅಜ್ಜಿಯ ಕೈ ನೀವುತ್ತಾ ನನಗಾದ ಗಾಬರಿಗಳನ್ನು ಒಂದೊಂದಾಗಿ ಹೇಳತೊಡಗಿದೆ.

ಪೂಜೆಯಾಗದ ಗಾಡಿ

ಹಡಗಲಿ ಕಡೆಯ ಒಬ್ಬ ಅಜ್ಜನಿಗೆ ವೀಲ್‌ಚೇರ್ ಕೊಟ್ಟು ಬಂದಿದ್ದೆವು. ಮುಂದಿನ ಸಲ ಹೋದಾಗ ಪಡಸಾಲೆಯಲ್ಲಿ ಆ ಕುರ್ಚಿ ನಿಂತಿತ್ತು. ಮೈಗೆಲ್ಲ ಭಂಡಾರದ ಅರಿಶಿನ ಬಳಿದು, ಚೆಂಡುಹೂವಿನ ಹಾರ ಹಾಕಿದ್ದರು. ಕೂರಬೇಕಾದವರು ಮಾತ್ರ ಇರಲಿಲ್ಲ. ಖಾಲಿ ಕುರ್ಚಿಗೆ ಹಾರ ನೋಡಿ, ಅಜ್ಜ ಹೋಗಿಬಿಟ್ಟ ಎಂದೇ ತಿಳಿದು ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತೆ.

ಕುರ್ಚಿಯ ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ ಅಜ್ಜನೇ. ಹುಡುಗರು ಕುರ್ಚಿ ಮುಟ್ಟದ ಹಾಗೆ ಕೋಲು ಹಿಡಿದು ನೆಲದ ಮೇಲೆ ಕಾವಲು ಕೂತಿದ್ದ.

ಹೊಸ ಗಾಡಿಯನ್ನು ಮೈಲಾರದ ಗುಡಿಗೆ ಒಯ್ದು ಪೂಜೆ ಮಾಡಿಸುವ ತನಕ ಹತ್ತುವಂತಿಲ್ಲ ಎಂದ ಮಗ. ಹಾಗಾದರೆ ಒಯ್ಯಿರಿ ಎಂದೆ. ಅಪ್ಪನಿಲ್ಲದೆ ಪೂಜೆ ಹೇಗೆ, ಅಪ್ಪನಿಗೆ ನಡೆಯಲು ಬರುವುದಿಲ್ಲವಲ್ಲ ಎಂದ. ಅಪ್ಪನನ್ನು ಅದರಲ್ಲೇ ಕೂರಿಸಿಕೊಂಡು ಹೋಗಿ ಎಂದೆ. ಆಡಬಾರದ ಮಾತು ಆಡಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿದ.

"ಪೂಜಿ ಆಗದ ಗಾಡ್ಯಾಗ ಹೆಂಗ ಕುಂದ್ರಸೋದ್ರಿ?"

ಕೊನೆಗೆ ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿಬಂದರಂತೆ. ಟ್ರೇಲರಿನಲ್ಲಿ ಹುಲ್ಲು ಹಾಸಿ ಅಜ್ಜನನ್ನು ಕೂರಿಸಿ, ಕುರ್ಚಿ ಕುಲುಕದ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳಲು ಅಜ್ಜನಿಗೇ ಹೇಳಿದ್ದರಂತೆ.

ಇದನ್ನು ಕೇಳಿ ಕೊಟ್ಟೂರು ಕಡೆಯ ಸೊಸೆ ಬಿದ್ದು ಬಿದ್ದು ನಕ್ಕಳು. ಅಜ್ಜಿ ತೊಲೆ ನೋಡುತ್ತಾ ಮಲಗಿದ್ದಳು.

ಗಾಳಿ ಹಾಸಿಗೆ

ಕಾನಹೊಸಹಳ್ಳಿ ಹತ್ತಿರದ ಒಂದು ಮನೆಯಲ್ಲಿ ಮಲಗಿದಲ್ಲೇ ಮಲಗಿ ಬೆನ್ನು ಹುಣ್ಣಾಗಿದ್ದ ಅಜ್ಜನೊಬ್ಬನಿದ್ದ. ಮೋಟಾರಿನಿಂದ ಗಾಳಿ ತುಂಬುವ ಹಾಸಿಗೆ ತಂದು ಹಾಸಿಕೊಟ್ಟಿದ್ದೆವು. ಮತ್ತೆ ಹೋದಾಗ ಕೋಣೆಯಲ್ಲಿ ಕತ್ತಲು. ಗೋಡೆಗೆ ಮುಖ ಮಾಡಿ ಮಲಗಿದ್ದವರ ಹೊದಿಕೆ ಸರಿಸಿ, ಅಂಗಿ ಎತ್ತಿ ಬೆನ್ನು ನೋಡಿದೆ. ಹುಣ್ಣಿನ ಕಲೆ ಸಹ ಇಲ್ಲ. ಬೆನ್ನು ಮೈದುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ನನ್ನ ಕೈಗುಣಕ್ಕೆ ನಾನೇ ಬೆರಗಾಗಿ, ಎಲ್ಲಾದರೂ ನೋಯುತ್ತದೆಯೇ ಎಂದು ಅಲ್ಲಲ್ಲಿ ಒತ್ತಿ ನೋಡಿದೆ.

"ಇನ್ನೊಂಚೂರು ಕೆಳಗ," ಎಂದಿತು ಗಡಸು ದನಿ.

ಹೌಹಾರಿ ಹಿಂದೆ ಸರಿದೆ. ಅದು ಆ ಮನೆಯ ಅಳಿಯನ ಬೆನ್ನು. ಅಜ್ಜ ಮೂಲೆಯಲ್ಲಿ ಚಾಪೆ ಮೇಲಿದ್ದ. ನಾನು ಕೂಗಾಡುವ ಮೊದಲೇ ಕೈ ಮುಗಿದ.

"ಅಳಿಯಂದ್ರು ಬಂದಾರವ್ವ. ಮನ್ಯಾಗ ಇಂಥಾ ಹಾಸಿಗಿ ಇಟ್ಕೊಂಡು ಅವರನ್ನ ಚಾಪಿ ಮ್ಯಾಲ ಮಲಗಿಸಿದ್ರ ಮಂದಿ ಏನಂದಾರು?"

ವಾಸಿಯಾಗುತ್ತಿದ್ದ ಹುಣ್ಣು ಮತ್ತೆ ಬಾಯಿ ಬಿಟ್ಟಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಳಿಯನನ್ನು ಎಬ್ಬಿಸಿ, ಅಜ್ಜನನ್ನು ಮಲಗಿಸಿಯೇ ಹೊರಗೆ ಬಂದೆ. ಮನೆಯೊಡತಿ ಬೇಜಾರು ಮಾಡಿಕೊಂಡಾಳೆಂದುಕೊಂಡರೆ, ಬಾಗಿಲವರೆಗೂ ಬಂದು ನನ್ನ ಕೈ ಹಿಡಿದುಕೊಂಡಳು. ಮುಖ ತೋರಿಸಿ ಹೋಗಲು ಬಂದಿದ್ದ ಅಳಿಯ, ಆ ಹಾಸಿಗೆ ಸಿಕ್ಕ ಮೇಲೆ ತನ್ನ ಊರಿಗೆ ಹೊರಡುವ ಸುದ್ದಿಯನ್ನೇ ಎತ್ತಿರಲಿಲ್ಲವಂತೆ.

ಕೊಟ್ಟೂರು ಕಡೆಯ ಅಜ್ಜಿ ಇದಕ್ಕೂ ನಗಲಿಲ್ಲ. ಕಣ್ಣು ಮಾತ್ರ ಒಲೆಯ ಕಡೆ ಹೊರಳಿತು. ಅಲ್ಲಿ ಸೊಸೆ ತೆಳ್ಳನೆಯ ಹೊಸ ಹಂಚಿನ ಮೇಲೆ ರೊಟ್ಟಿ ಸೀಯಿಸುತ್ತಿದ್ದಳು. ಅತ್ತೆಯ ಹಳೆಯ ದಪ್ಪ ಹಂಚನ್ನು ಪಕ್ಕದ ಮನೆಯಾಕೆ ಯಾವುದೋ ಕಾರ್ಯಕ್ಕೆಂದು ಒಯ್ದವಳು, ಅಜ್ಜಿಗೆ ಮಾತು ನಿಂತ ಮೇಲೆ ಹಿಂದಕ್ಕೆ ತಂದಿರಲಿಲ್ಲ. ಕೇಳಲು ಸೊಸೆಗೆ ಸಂಕೋಚ.

ನೋಯದ ಕಾಲು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಲಕ್ವಾ ಹೊಡೆದು ಒಬ್ಬರ ಎಡಗಾಲು ಬಿದ್ದುಹೋಗಿತ್ತು. ಅದನ್ನು ಮಡಚಿ ಬಿಡಿಸುವುದನ್ನು ಅವರ ಹೆಂಡತಿಗೆ ಕಲಿಸಿದ್ದೆ. ದಿನಾ ತಪ್ಪದೆ ಮಾಡಿದ್ದೇನೆ ಎಂದು ಆಕೆ ಆಣೆ ಇಟ್ಟಳು. ಕಾಲು ನೋಡಿದರೆ ಕಟ್ಟಿಗೆಯಂತೆ ಸೆಟೆದಿತ್ತು. ಎಲ್ಲಿ, ನನ್ನ ಮುಂದೆ ಒಂದು ಸಲ ಮಾಡು ಎಂದೆ. ಆಕೆ ಸೆರಗು ಸಿಕ್ಕಿಸಿಕೊಂಡು ಗಂಡನ ಬಲಗಾಲು ಹಿಡಿದು ಲಗುಬಗೆಯಿಂದ ಮಡಚತೊಡಗಿದಳು. ನಾನು ದಂಗಾಗಿ ಹೋದೆ.

"ಎಡಗಾಲು ಮುಟ್ಟಿದ್ರೆ ಚೀರ್ತಾರೆ ಪಾಪ. ಇದು ನೋಡ್ರಿ, ಎಷ್ಟು ಮಡಚಿದ್ರೂ ಸುಮ್ನಿರ್ತತಿ."

ಇನ್ನು ಮೇಲೆ ಬಾಯಲ್ಲಿ ಪಾಠ ಮಾಡುವುದಿಲ್ಲ, ನಾನೇ ರೋಗಿಯಾಗಿ ಮಲಗಿ ಕಲಿಸುತ್ತೇನೆ ಎಂದು ಅಂದೇ ತೀರ್ಮಾನಿಸಿದೆ. ಆ ತೀರ್ಮಾನವೇ ನನ್ನನ್ನು ಮಣ್ಣಿಗಿಡುವುದರಲ್ಲಿತ್ತು.

ಹೊದಿಕೆಯೊಳಗೆ ನಾನು

ಆ ಪಾಠ ಮೊದಲು ನಡೆದದ್ದು ಕೊಟ್ಟೂರು ಕಡೆಯ ಅಜ್ಜಿಯ ಮನೆಯಲ್ಲೇ. ಅಜ್ಜಿಯನ್ನು ಎತ್ತಿ ಬಾಗಿಲ ಹಿಂದಿನ ಮೂಲೆಯಲ್ಲಿ ಕುರ್ಚಿಗೆ ಕೂರಿಸಿ, ಆಕೆಯ ಮಂಚದ ಮೇಲೆ ನಾನು ಮಲಗಿದೆ. ನಾನು ರೋಗಿ, ಮೈಯಲ್ಲಿ ಶಕ್ತಿ ಇಲ್ಲ, ಏನೇ ಆದರೂ ಅಲುಗಾಡುವುದಿಲ್ಲ, ನೀನೇ ಹೊರಳಿಸಬೇಕು ಎಂದು ಸೊಸೆಗೆ ಹೇಳಿದೆ. ಆಕೆ ಅತ್ತೆಗೆ ಮಾಡುವ ಹಾಗೆಯೇ, ನೊಣ ಕೂರದಿರಲೆಂದು ನನ್ನ ಮುಖವನ್ನೂ ಮುಚ್ಚಿ ಹಳೇ ಸೀರೆ ಹೊದಿಸಿ, ಹಿತ್ತಲಾಚೆಯ ಕಣದಲ್ಲಿ ಬಿಸಿಲಿಗೆ ಹಾಕಿದ್ದ ದಿಂಬು ತರಲು ಹೋದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಮಜ್ಜಿಗೆ ಕೇಳಲು ಬಂದಳು. ಹೊರಗೆ ನಮ್ಮ ಗಾಡಿ ನಿಂತಿದೆ, ಒಳಗೆ ಮಂಚದ ಮೇಲೆ ಮುಖ ಮುಚ್ಚಿದ ಮೈ, ಹತ್ತಿರ ಯಾರೂ ಇಲ್ಲ. ಆಕೆಯ ಕೈಯ ಚೊಂಬು ನೆಲಕ್ಕೆ ಬಿದ್ದ ಸದ್ದಾಯಿತು. ಮರುಕ್ಷಣ ನನ್ನ ಎದೆಯ ಮೇಲೆ ಆಕೆಯ ತಲೆಯೇ ಬಿತ್ತು.

"ಹೋದ್ಯೇನ ನನ್ನಕ್ಕಾ!"

ಎದ್ದರೆ ಈ ಹೆಂಗಸಿನ ಪ್ರಾಣ ಹೋದೀತು, ಮಲಗಿದರೆ ಇವರು ನನ್ನನ್ನು ಹೊತ್ತುಕೊಂಡು ಹೋದಾರು. ಏನು ಮಾಡಬೇಕೆಂದು ತಿಳಿಯದೆ ಉಸಿರು ಬಿಗಿಹಿಡಿದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಪಕ್ಕದ ಮನೆಯಾಕೆ ಹಾಡಿಕೊಂಡು ಅಳತೊಡಗಿದಳು. ಅಕ್ಕ ಬಂಗಾರದಂಥವಳಂತೆ. ತನಗೆ ಒಂದು ದಿನವೂ ಒಂದು ಮಾತು ಅಂದವಳಲ್ಲವಂತೆ. ಸುತ್ತ ಕೂತವರಲ್ಲಿ ಯಾರೋ ಈ ಮಾತಿಗೆ ಗಂಟಲು ಸರಿಮಾಡಿಕೊಂಡರು. ಆಕೆ ಇನ್ನೂ ಏರುದನಿಯಲ್ಲಿ ಮುಂದುವರಿಸಿದಳು.

"ರೊಟ್ಟಿ ಹಂಚು ನನ್ನ ಕೈಯಾಗ ಇಟ್ಟು, ಇದು ನಿನಗ ಇರ್ಲಿ ತಂಗಿ ಅಂದ್ಯಲ್ಲ ನನ್ನಕ್ಕಾ..."

"ಕೊಟ್ಟಿಲ್ಲ."

ದನಿ ಬಾಗಿಲ ಹಿಂದಿನಿಂದ ಬಂದಿತ್ತು. ತೊದಲಾಗಿತ್ತು, ಆದರೆ ಕೇಳದವರಿರಲಿಲ್ಲ. ನಾನು ಏನೇ ಆದರೂ ಅಲುಗಾಡುವುದಿಲ್ಲ ಎಂದದ್ದನ್ನು ಮರೆತು, ಸೀರೆ ಹೊದ್ದುಕೊಂಡೇ ದಿಗ್ಗನೆ ಎದ್ದು ಕೂತೆ. ಹಿಂದೆ ಸತ್ತವಳ ದನಿ, ಮುಂದೆ ಎದ್ದು ಕೂತ ಹೆಣ. ಪಕ್ಕದ ಮನೆಯಾಕೆ ಯಾವ ಕಡೆ ಓಡಬೇಕೆಂದೇ ತಿಳಿಯದೆ, ಸುತ್ತ ಕೂತಿದ್ದವರ ಮಡಿಲಿಗೇ ಉರುಳಿದಳು.

ದಿಂಬು ಹಿಡಿದು ಓಡಿಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಅಜ್ಜಿ ಯಾರನ್ನೂ ನೋಡಲಿಲ್ಲ, ಸೊಸೆಯನ್ನೇ ನೋಡಿದಳು. ಬಾಯಿ ಸೊಟ್ಟ ಮಾಡಿ, ಒಂದೊಂದೇ ಮಾತು ತಳ್ಳಿದಳು.

"ಏನ್ ನೋಡ್ತೀ... ಹುಚ್ಚಿ. ಹೋಗು... ಹಂಚು ತಗೊಂಬಾ."

ಸೊಸೆ ದಿಂಬು ಬಿಟ್ಟು, ಅತ್ತೆಯ ಮೊಣಕಾಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಂಚದ ಮೇಲೆ ನಾನೂ ಕಣ್ಣೊರೆಸಿಕೊಂಡೆ. ಆಮೇಲೆ ಆಕೆ ಹಂಚು ತರಲು ಹೋಗಲಿಲ್ಲ. ಮಗು ಹುಟ್ಟಿದ ಸುದ್ದಿ ಹೇಳುವವಳಂತೆ ಓಣಿಯ ಮನೆ ಮನೆಗೂ ಹೋಗಿ, ನಮ್ಮತ್ತಿ ನನಗ ಬೈದ್ಲು ಎಂದು ಸಾರಿ ಬಂದಳು. ಹಂಚು ಸಂಜೆಯೊಳಗೆ ತಾನಾಗಿಯೇ ಮನೆಗೆ ಬಂತು.

ಮುಂದಿನ ಸಲ ಹೋದಾಗ ಓಣಿಯ ತುದಿಗೇ ಅಜ್ಜಿಯ ದನಿ ಕೇಳಿಸಿತು. ನನ್ನ ಗಾಡಿ ನಿಲ್ಲುವುದನ್ನೇ ಕಾಯುತ್ತಿದ್ದ ಸೊಸೆ ಕೈ ಹಿಡಿದು ಸೀದಾ ಹಿತ್ತಲಿಗೆ ಎಳೆದುಕೊಂಡು ಹೋದಳು. ಮತ್ತೇನಾಯಿತೋ ಎಂದು ನನ್ನ ಎದೆ ಧಸಕ್ಕೆಂದಿತು. ಆಕೆ ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದಳು.

"ಸಿಸ್ಟರ್, ಮಧ್ಯಾಹ್ನ ಒಂದೀಟು ಹೊತ್ತು ಮಾತು ನಿಲ್ಲಂಗ ಏನರ ಗುಳಿಗಿ ಐತೇನ್ರಿ?"